ಪಾಯ ತೆಗೆಯುವ ಮೊದಲು

ನಾನು ಬೆಳೆದದ್ದು ದಾವಣಗೆರೆಯ ವಿದ್ಯಾನಗರದಲ್ಲಿ. ಹನ್ನೊಂದು ವರ್ಷದಿಂದ ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ತಿರದ ಒಂದು ಊರಲ್ಲಿದ್ದೇನೆ. ಹೋದ ವರ್ಷ ಮನೆ ಪಕ್ಕದಲ್ಲಿ ಆರು ಅಡಿ ಎತ್ತರದ ಮರದ ಬೇಲಿ ಹಾಕಿಸಿದೆ. ಬೇಲಿ ನಿಲ್ಲಿಸಲು ಎರಡು ದಿನ ಸಾಕಾಯಿತು. ಅದಕ್ಕೆ ಒಪ್ಪಿಗೆ ಸಿಗಲು ಮೂರು ತಿಂಗಳು ಹಿಡಿಯಿತು.

ನಮ್ಮದು ಮೂಲೆ ಸೈಟು. ಈ ಊರಿನ ನಿಯಮದಲ್ಲಿ ಮೂಲೆ ಸೈಟಿಗೆ ಎರಡು ಮುಂಭಾಗ. ಮುಂಭಾಗದಲ್ಲಿ ಬೇಲಿ ನಾಲ್ಕು ಅಡಿ ಮೀರಬಾರದು. ಆರು ಅಡಿ ಬೇಕೆಂದರೆ ರಸ್ತೆಯಿಂದ ಸಾಕಷ್ಟು ಒಳಗೆ ಸರಿಯಬೇಕು. ಹಿತ್ತಿಲಿನಲ್ಲಿ ನೋಡಿದರೆ ಮಳೆನೀರು ಹರಿಯಲು ಬಿಟ್ಟ ಜಾಗ, ಅಲ್ಲಿ ಏನೂ ಕಟ್ಟುವ ಹಾಗಿಲ್ಲ. ಎರಡನ್ನೂ ಬಿಟ್ಟರೆ ಉಳಿಯುವುದು ಒಂದು ಪಡಸಾಲೆಯಷ್ಟು. ಮಗಳಿಗೆ ನಾಲ್ಕು ವರ್ಷ. ಬಾಗಿಲು ತೆರೆದರೆ ಸಾಕು, ರಸ್ತೆಗೆ ಓಡುತ್ತಾಳೆ.

ನಿಯಮದಿಂದ ವಿನಾಯಿತಿ ಕೇಳುವುದಕ್ಕೆ ಇಲ್ಲಿ ವೇರಿಯನ್ಸ್ ಅಂತಾರೆ. ಅದನ್ನು ಕೊಡುವ ಸಮಿತಿಯ ಹೆಸರು ಬೋರ್ಡ್ ಆಫ್ ಅಡ್ಜಸ್ಟ್‌ಮೆಂಟ್. ಅರ್ಜಿಯಲ್ಲಿ ನಾನು ಮಗಳ ಬಗ್ಗೆಯೇ ಬರೆದಿದ್ದೆ. ಕೌಂಟರಿನಲ್ಲಿದ್ದ ಹೆಂಗಸು ಓದಿ, ಇದು ಸಾಲದು ಅಂದರು. ಮಗಳು ದೊಡ್ಡವಳಾಗುತ್ತಾಳೆ, ನೀವು ಮನೆ ಮಾರುತ್ತೀರಿ, ಬೇಲಿ ಮಾತ್ರ ಅಲ್ಲೇ ಇರುತ್ತೆ. ಅದಕ್ಕೇ ನಿಮ್ಮ ಕಷ್ಟಕ್ಕಿಂತ ಜಾಗದ ಕಷ್ಟ ತೋರಿಸಿ ಅಂದರು. ಸುಮ್ನೆ ಖರ್ಚು ಜಾಸ್ತಿ ಆಗುತ್ತೆ ಅಂದರೂ ನಡೆಯಲ್ಲವಂತೆ. ನಾವೇ ತಂದುಕೊಂಡ ತೊಂದರೆಯಾದರೂ ಒಪ್ಪಲ್ಲ. ಅವತ್ತು ನನಗೆ ಸಿಟ್ಟು ಬಂತು. ಮನೆಗೆ ಬಂದು ಯೋಚಿಸಿದಾಗ, ಅವರು ಹೇಳಿದ್ದು ಸರಿ ಅನ್ನಿಸಿತು. ಹಿತ್ತಿಲಿನ ಮಳೆನೀರಿನ ಜಾಗದ ನಕ್ಷೆ ಇಟ್ಟು ಅರ್ಜಿ ಮತ್ತೆ ಬರೆದೆ.

ನಮ್ಮ ಸೈಟಿನ ಸುತ್ತ 200 ಅಡಿಯೊಳಗಿನ ಎಲ್ಲ ಮನೆಗೂ ಊರಾಡಳಿತದಿಂದ ಕಾಗದ ಹೋಯಿತು. ಒಂದು ಸಂಜೆ ಸಭೆ. ಪಕ್ಕದ ಮನೆಯ ಅಜ್ಜ ಎದ್ದು ನಿಂತರು. ನಾನು ಕಾರು ಹಿಂದಕ್ಕೆ ತೆಗೆಯುವಾಗ ಈ ಬೇಲಿ ಅಡ್ಡ ಬರುತ್ತೆ, ಫುಟ್‌ಪಾತಿನಲ್ಲಿ ಸೈಕಲ್ ತುಳಿಯುವ ಮಕ್ಕಳು ಕಾಣಲ್ಲ ಅಂದರು. ನನಗೆ ಅದು ಹೊಳೆದೇ ಇರಲಿಲ್ಲ. ನನ್ನ ಮಗಳನ್ನು ಕಾಯಲು ಹೊರಟು ಬೇರೆಯವರ ಮಕ್ಕಳನ್ನು ಮರೆತಿದ್ದೆ. ಟೆಕ್ಸಾಸ್ ಕಾನೂನಿನ ಪ್ರಕಾರ ವಿನಾಯಿತಿಗೆ ಸಮಿತಿಯ ನೂರಕ್ಕೆ 75 ಮತ ಬೇಕು. ಐದು ಜನರಲ್ಲಿ ನಾಲ್ವರು ಒಪ್ಪಿದರು. ಒಂದು ಷರತ್ತು ಹಾಕಿದರು: ಅಜ್ಜನ ಕಡೆಯ ಕೊನೆಯ ಹತ್ತು ಅಡಿ ಬೇಲಿ ಮೂರಡಿಗಿಂತ ಎತ್ತರ ಇರಬಾರದು. ಹಾಗೇ ಕಟ್ಟಿಸಿದೆ.

ಆ ಸಭೆಯಿಂದ ಬರುವಾಗ ನೆನಪಾದದ್ದು ನಮ್ಮ ವಿದ್ಯಾನಗರದ ಕಾಂಪೌಂಡು. 1986ರಲ್ಲಿ ಅಪ್ಪ ಮನೆ ಕಟ್ಟಿಸಿದರು. ಪಕ್ಕದ ಸೈಟಿನವರು ಅಕ್ಕಿ ಗಿರಣಿ ನಡೆಸುತ್ತಿದ್ದರು. "ಮೇಷ್ಟ್ರೇ, ಇಬ್ಬರಿಗೂ ಒಂದೇ ಗೋಡೆ ಸಾಕಲ್ವಾ? ಅರ್ಧ ಅರ್ಧ ಹಾಕೋಣ" ಅಂದರಂತೆ. "ಆಗಲಿ ಸಾವ್ಕಾರ್ರೇ, ಎದೆಮಟ್ಟ ಸಾಕು, ಗಾಳಿ ಆಡಲಿ" ಅಂದರಂತೆ ಅಪ್ಪ. ಮೇಸ್ತ್ರಿ ದಾರ ಹಿಡಿದ, ಗೋಡೆ ಎದ್ದಿತು. ಒಂದು ಕಾಗದವೂ ಇಲ್ಲ. ನನ್ನ ಬಾಲ್ಯದುದ್ದಕ್ಕೂ ಆ ಗೋಡೆ ಮೇಲೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ತಟ್ಟೆ ಆ ಕಡೆ ಈ ಕಡೆ ಹೋಗುತ್ತಿತ್ತು.

ಅದು ಒಳ್ಳೆಯ ದಾರಿ. ಇಲ್ಲಿ ಅಂಥದ್ದು ಇಲ್ಲವೇ ಇಲ್ಲ, ಕಾಗದ ಬಂದ ಮೇಲೆಯೇ ಅಜ್ಜನ ಹೆಸರು ನನಗೆ ಗೊತ್ತಾದದ್ದು. ಆದರೆ ಆ ದಾರಿ ನಿಂತದ್ದು ಇಬ್ಬರ ಪರಿಚಯದ ಮೇಲೆ. ಈಗ ಸೈಟುಗಳು ಕೈ ಬದಲಾಗಿವೆ. ನಮ್ಮ ಕ್ರಾಸಿನ ಮೂಲೆಯಲ್ಲಿ ಹೊಸದಾಗಿ ಬಂದವರು ಕಾಂಪೌಂಡನ್ನು ತಲೆಗಿಂತ ಎತ್ತರಕ್ಕೆ ಕಟ್ಟಿದರು, ಮೇಲೆ ತಗಡು ಹೊಡೆಸಿದರು. ಚರಂಡಿ ಮೇಲಿನ ರ‍್ಯಾಂಪು ರಸ್ತೆಗೇ ಬಂತು. ನಾಲ್ಕು ವರ್ಷದ ಹಿಂದೆ ಅದೇ ಮೂಲೆಯಲ್ಲಿ ಅಪ್ಪನ ಸ್ಕೂಟರಿಗೆ ಬೈಕು ಗುದ್ದಿತು, ಮಣಿಕಟ್ಟು ಮುರಿಯಿತು. ಬೈಕಿನ ಹುಡುಗನ ತಪ್ಪಲ್ಲ. ಇಬ್ಬರಿಗೂ ಕಾಣುತ್ತಿರಲಿಲ್ಲ. ಕೇಳಲು ಹೋದರೆ, ಕಟ್ಟಿ ಆಗಿದೆಯಲ್ಲ, ಇನ್ನೇನು ಮಾಡೋದು ಅಂದರು.

ನನ್ನನ್ನು ಜಾಸ್ತಿ ಕಾಡುವುದು ಈ ಮಾತೇ. ನಮ್ಮಲ್ಲಿ ವಿನಾಯಿತಿ ಕೇಳುವುದು ಕಟ್ಟಿದ ಮೇಲೆ. ಅಕ್ರಮ-ಸಕ್ರಮ ಅನ್ನುವ ಹೆಸರೇ ಅದನ್ನು ಹೇಳುತ್ತದೆ, ಅಲ್ವಾ? ದಂಡ ಕಟ್ಟಿಸಿಕೊಂಡು ಸೆಟ್‌ಬ್ಯಾಕ್, ಅಂದರೆ ಕಟ್ಟಡದ ಸುತ್ತ ಬಿಡಬೇಕಾದ ಜಾಗದ, ಉಲ್ಲಂಘನೆಯನ್ನು ಸಕ್ರಮ ಮಾಡುವ ಆ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ತಡೆ ಇರಲಿ, ಬಿಡಲಿ, ದಂಡ ಹೋಗುವುದು ಸರ್ಕಾರಕ್ಕೆ. ಆ ಮೂಲೆಯಲ್ಲಿ ದಿನಾ ತಿರುಗುವವರನ್ನು ಯಾರೂ ಏನೂ ಕೇಳಲ್ಲ.

ಇಲ್ಲಿಯದೆಲ್ಲ ನಮ್ಮೂರಿಗೆ ಬರಲಿ ಅಂತ ನಾನು ಹೇಳುತ್ತಿಲ್ಲ. ಸಮಿತಿ ಒಪ್ಪಿದ ಮೇಲೂ ನಮ್ಮ ಲೇಔಟಿನ ಮನೆ ಮಾಲೀಕರ ಸಂಘ ಮರಕ್ಕೆ ಯಾವ ಬಣ್ಣ ಅಂತ ಬೇರೆ ಒಪ್ಪಿಗೆ ಕೇಳಿತು. ಅದು ಅತಿಯಾಯಿತು. ನನಗೆ ಬೇಕಿರುವುದು ಒಂದೇ: ಪಾಯ ತೆಗೆಯುವ ಮೊದಲು ಸುತ್ತಲಿನ ಮನೆಗಳಿಗೆ ಒಂದು ಕಾಗದ, ಕೂತು ಮಾತಾಡಲು ಒಂದು ಸಂಜೆ. ಅದಕ್ಕೆ ದೊಡ್ಡ ಕಚೇರಿ ಬೇಕಿಲ್ಲ. ಲೇಔಟಿನ ಸಂಘವೋ ವಾರ್ಡ್ ಸಮಿತಿಯೋ ಗಣಪತಿ ಕೂರಿಸುವ ಜಾಗದಲ್ಲೇ ನಾಲ್ಕು ಕುರ್ಚಿ ಹಾಕಿದರೆ ಆಯಿತು. ಕೊನೆಯ ಪಕ್ಷ ಮೂಲೆ ಸೈಟುಗಳಿಗಾದರೂ ಇದು ಆಗಲಿ. ಅಲ್ಲಿ ಗೋಡೆ ಒಬ್ಬರದು, ತಿರುವು ಎಲ್ಲರದು.

ತಮ್ಮ ಈಗ ಶಾಮನೂರು ರಸ್ತೆ ಕಡೆ ಮನೆ ಕಟ್ಟಿಸುತ್ತಿದ್ದಾನೆ. ಅವನದೂ ಮೂಲೆ ಸೈಟು, 30-40. ಹೋದ ವಾರ ಫೋನಿನಲ್ಲಿ, ಕಾಂಪೌಂಡಿನ ನಕ್ಷೆ ತಗೊಂಡು ಎದುರು ಮನೆಗೆ, ಪಕ್ಕದ ಎರಡು ಮನೆಗೆ ಹೋಗಿ ತೋರಿಸು, ಮೂಲೆಯಲ್ಲಿ ಎಷ್ಟು ಎತ್ತರ ಇದ್ದರೆ ಅವರಿಗೆ ರಸ್ತೆ ಕಾಣುತ್ತೆ ಅಂತ ಕೇಳು ಅಂದೆ. "ಅಣ್ಣಾ, ಅವರ ಪರಿಚಯ ಇನ್ನೂ ಇಲ್ಲ" ಅಂದ. ಅದಕ್ಕೇ ಹೋಗು ಅಂದೆ. ಭಾನುವಾರ ಬೆಳಿಗ್ಗೆ ಅಪ್ಪನನ್ನೂ ಕರೆದುಕೊಂಡು ಹೋಗ್ತೀನಿ ಅಂದಿದ್ದಾನೆ.