ಸೊನ್ನೆಯ ಮನೆಗೆ ಸಾಲಕ್ಕೆ

58ರಲ್ಲಿ 23 ಕಳೆಯುವವರೆಗೆ ಮಕ್ಕಳೂ ಸುಖಿ, ಹೇಳಿಕೊಡುವವರೂ ಸುಖಿ. ಯಾರ ಹಂಗೂ ಬೇಡ. 52ರಲ್ಲಿ 28 ಕಳೆ ಎಂದ ದಿನ ಮನೆಯಲ್ಲಿ ಸಾಲದ ಮಾತು ಶುರುವಾಗುತ್ತದೆ. "ಎರಡರಲ್ಲಿ ಎಂಟು ಹೋಗಲ್ಲ ಪುಟ್ಟಿ, ಪಕ್ಕದ ಮನೆಯಿಂದ ತಗೊಂಡು ಬಾ."

ಮಕ್ಕಳು ಮಾನವಂತರು. ಸಾಲಕ್ಕೆ ಹೋಗುವ ಬದಲು ಎಂಟರಲ್ಲೇ ಎರಡು ಕಳೆದು ಆರು ಬರೆದುಬಿಡುತ್ತವೆ. ಗದರಲು ನನಗಂತೂ ಬಾಯಿ ಬರುವುದಿಲ್ಲ. ದೊಡ್ಡದರಲ್ಲಿ ಚಿಕ್ಕದನ್ನು ಕಳೀಬೇಕು ಎಂದು ಮೊದಲು ಹೇಳಿದವರು ನಾವೇ ತಾನೆ?

ನಿಜವಾದ ನಾಟಕ 402ರಲ್ಲಿ 178 ಕಳೆಯುವಾಗ. ಬಿಡಿಯ ಮನೆಯ ಎರಡು ಕೈಚಾಚಿಕೊಂಡು ಹತ್ತರ ಮನೆಗೆ ಹೋದರೆ ಅಲ್ಲಿ ಕೂತಿರುವುದು ಸೊನ್ನೆ. ಆದರೆ ಸೊನ್ನೆ ಇಲ್ಲವೆನ್ನುವ ಪೈಕಿಯಲ್ಲ. ತಾನೇ ಎದ್ದು ನೂರರ ಮನೆಗೆ ಹೋಗಿ ಒಂದು ನೂರು ತರುತ್ತದೆ, ಅದನ್ನು ಹತ್ತು ಹತ್ತುಗಳಾಗಿ ಬಿಡಿಸುತ್ತದೆ, ಕೇಳಿದವರಿಗೆ ಒಂದು ಕೊಟ್ಟು ಒಂಬತ್ತನ್ನು ತಾನೇ ಇಟ್ಟುಕೊಳ್ಳುತ್ತದೆ! ಕಾಸಿಲ್ಲದೆ ಕೂತಿದ್ದವನು ದಲ್ಲಾಳಿಯಾಗಿ ಒಂಬತ್ತರ ಒಡೆಯನಾದ. ನಾಲ್ಕು ಮೂರಾಯಿತು, ಎರಡು ಹನ್ನೆರಡಾಯಿತು, ಉತ್ತರ 224. ಪುಸ್ತಕದ ಹಾಳೆ ಮಾತ್ರ ಹೊಡೆದುಹಾಕಿದ ಅಂಕಿಗಳಿಂದ ರಣರಂಗ.

ಭಾಸ್ಕರಾಚಾರ್ಯರೂ ಕರುಣೆ ತೋರಿದವರಲ್ಲ. 1150ರ 'ಲೀಲಾವತಿ'ಯಲ್ಲಿ ಬಾಲೆ, ಬುದ್ಧಿವಂತೆ ಎಂದೆಲ್ಲ ಮುದ್ದಾಗಿ ಕರೆದು, 2, 5, 32, 193, 18, 10, 100 ಇವನ್ನು ಕೂಡಿಸಿ 10000ದಲ್ಲಿ ಕಳೆ ಎನ್ನುತ್ತಾರೆ. ಕಳೆಯಬೇಕಾದದ್ದು 360. ನಮ್ಮ ಶಾಲೆಯ ಕ್ರಮದಲ್ಲಿ ಮಾಡಹೊರಟರೆ ಸೊನ್ನೆಗಳ ಬೀದಿಯನ್ನೆಲ್ಲ ದಾಟಿ ಕೊನೆಯ ಮನೆಯ ಒಂಟಿ ಒಂದರ ತನಕ ನಡೆಯಬೇಕು. ಮುದ್ದು ಮಾಡಿದ್ದು ಸುಮ್ಮನಲ್ಲ.

"ತಂದಿದ್ದನ್ನ ವಾಪಸ್ ಕೊಡೋದು ಯಾವಾಗ, ಅಪ್ಪಾ?" ಎನ್ನುತ್ತಾಳೆ ಮಗಳು. ಪ್ರಶ್ನೆ ನ್ಯಾಯವಾದದ್ದೇ. ಕೊಡುವ ಪದ್ಧತಿಯೂ ಇದೆ: ಮೇಲಿನ ಬಿಡಿಗೆ ಹತ್ತು ಸೇರಿಸಿ, ಕೆಳಗಿನ ಹತ್ತರ ಸ್ಥಾನಕ್ಕೆ ಒಂದು ಸೇರಿಸುವುದು. ಎರಡು ಕಡೆಯೂ ಹತ್ತೇ ಹೆಚ್ಚಾದ್ದರಿಂದ ವ್ಯತ್ಯಾಸ ಅಲ್ಲಾಡುವುದಿಲ್ಲ. ಇಂಗ್ಲೆಂಡಿನ ಶಾಲೆಗಳಲ್ಲಿ ಬಹುಕಾಲ ಹೀಗೇ ಕಲಿಸುತ್ತಿದ್ದರು. ಚೊಕ್ಕ ವ್ಯವಹಾರ, ಆದರೆ ಯಾಕೆ ಹಾಗೆ ಎಂದು ಏಳು ವರ್ಷದವಳಿಗೆ ವಿವರಿಸುವುದು ನನ್ನಿಂದಾಗದ ಕೆಲಸ.

ನಮ್ಮ ಪದ್ಧತಿಯಲ್ಲಿ ವಾಪಸಾತಿ ನಡೆಯುವುದು ತಾಳೆ ನೋಡುವಾಗ. 224ಕ್ಕೆ 178 ಕೂಡಿಸಿ: ನಾಲ್ಕೂ ಎಂಟೂ ಹನ್ನೆರಡು, ಎರಡು ಬರೆದು ಒಂದು ದಶಕ ಹತ್ತರ ಮನೆಗೆ. ಅಲ್ಲಿ ಹತ್ತಾಗಿ ಸೊನ್ನೆ ಉಳಿದು, ಒಂದು ನೂರರ ಮನೆಗೆ. ಬಡ್ಡಿಯಿಲ್ಲದೆ ಎಲ್ಲ ಚುಕ್ತಾ.

ಇದನ್ನು ತೋರಿಸೋಣವೆಂದು ತಿರುಗಿದರೆ ಮಗಳು ಉತ್ತರದ ಕೆಳಗೆ ಎರಡು ಗೆರೆ ಎಳೆದು ಆಟಕ್ಕೆ ಓಡಿಯಾಗಿತ್ತು.