ದೊಡ್ಡ ಔಟ್‌ಬೋರ್ಡ್ ಎಂಜಿನ್‌ಗೆ ಕಂಪನಿ ಪಾರ್ಟೇ ಆಗಬೇಕಾ?

200, 250, 300 ಎಚ್‌ಪಿ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ ಎಂಜಿನ್, ಇಟ್ಟುಕೊಂಡವರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ಪಾರ್ಟ್ ಬದಲಾಯಿಸುವಾಗ ಎಂಜಿನ್ ಕಂಪನಿಯ ಡಬ್ಬವೇ ಬೇಕಾ, ಹೊರಗಿನದ್ದೂ ನಡೆಯುತ್ತಾ? ಇಬ್ಬರ ವಾದ ಇಲ್ಲಿದೆ.

ಪರ: ಬೇರೆ ಕಡೆ ಉಳಿಸಿ, ಇಲ್ಲಿ ಬೇಡ

ಇಂಪೆಲ್ಲರ್‌ನಿಂದಲೇ ಶುರು ಮಾಡುತ್ತೇನೆ. ಅಂಗೈಯಲ್ಲಿ ಹಿಡಿಯುವಷ್ಟು ರಬ್ಬರ್ ಚಕ್ರ, ಸುತ್ತ ಕೆಲವು ರೆಕ್ಕೆ, ಅಷ್ಟೇ. ಔಟ್‌ಬೋರ್ಡ್‌ಗೆ ಕಾರಿನ ಹಾಗೆ ರೇಡಿಯೇಟರ್ ಇಲ್ಲ. ಕೆಳಗಿನಿಂದ ನೀರೆತ್ತಿ ಮೇಲಿನ ಸಿಲಿಂಡರ್‌ಗಳನ್ನು ತಣ್ಣಗಿಡುವುದು ಈ ರಬ್ಬರ್ ತುಂಡೇ.

ಒಮ್ಮೆ ಅರ್ಧ ಬೆಲೆಗೆ ಸಿಕ್ಕಿತು ಎಂದು ಹೊರಗಿನ ಇಂಪೆಲ್ಲರ್ ಹಾಕಿದೆ. ನೋಡೋಕೆ ಅದೇ ತರ ಇತ್ತು. ಕೆಲವು ತಿಂಗಳು ಕಳೆದ ಮೇಲೆ ಎಂಜಿನ್ ಪಕ್ಕದಿಂದ ಹಾರುವ ನೀರಿನ ಎಳೆ ಸಣ್ಣದಾಗುತ್ತಾ ಬಂತು. ಗೇರ್ ಕೇಸ್ (ಪ್ರೊಪೆಲ್ಲರ್ ಇರುವ ಕೆಳಭಾಗ) ಇಳಿಸಿ ಪಂಪ್ ಬಿಚ್ಚಿದರೆ ಎರಡು ರೆಕ್ಕೆ ಬುಡದಿಂದಲೇ ಮಾಯ. ಹೊಸ ಇಂಪೆಲ್ಲರ್ ಹಾಕಿ ಮುಚ್ಚಿದರೆ ಮುಗಿಯಿತು ಅಂದುಕೊಂಡಿದ್ದರೆ ಎಂಜಿನ್ ಕಥೆಯೂ ಮುಗಿಯುತ್ತಿತ್ತು. ಮುರಿದ ರೆಕ್ಕೆ ಗಾಳಿಯಲ್ಲಿ ಕರಗುವುದಿಲ್ಲವಲ್ಲ. ನೀರಿನ ಜೊತೆ ಮೇಲೆ ಹೋಗಿ ಎಲ್ಲೋ ಸಿಕ್ಕಿಕೊಂಡಿರುತ್ತದೆ. ಒಂದು ಚೂರು ತಾಮ್ರದ ನೀರಿನ ಕೊಳವೆಯ ತುದಿಯಲ್ಲಿ ಸಿಕ್ಕಿತು. ಇನ್ನೊಂದು ಥರ್ಮೋಸ್ಟಾಟ್ ಕೂರುವ ಗೂಡಿನಲ್ಲಿ, ಉಪ್ಪಿನ ಹುಡಿ ಮೆತ್ತಿಕೊಂಡು ಕೂತಿತ್ತು. ಎರಡನ್ನೂ ಮೇಜಿನ ಮೇಲಿಟ್ಟು ಹಳೇ ಇಂಪೆಲ್ಲರ್‌ಗೆ ಜೋಡಿಸಿ ನೋಡಿ, ಏನೂ ಬಾಕಿ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಒಂದೂವರೆ ದಿನ ಬೇಕಾಯಿತು. ಉಳಿಸಿದ ದುಡ್ಡು ನೆನಪಾದರೆ ಈಗಲೂ ನಗು ಬರುತ್ತದೆ.

ದೊಡ್ಡ ಎಂಜಿನ್‌ನ ದುಡಿಮೆಯೇ ಬೇರೆ. ಕಾರು ಹೆದ್ದಾರಿಯಲ್ಲಿ ಆರಾಮಾಗಿ 2,000 ಆರ್‌ಪಿಎಂನಲ್ಲಿ ಓಡುತ್ತದೆ, ಇಳಿಜಾರು ಸಿಕ್ಕರೆ ಉಸಿರು ಬಿಡುತ್ತದೆ. ನೀರಿನಲ್ಲಿ ಇಳಿಜಾರು ಎಲ್ಲಿಂದ ಬರಬೇಕು? ಹೋದಷ್ಟು ಹೊತ್ತೂ ಭಾರ ತಳ್ಳುತ್ತಲೇ ಇರಬೇಕು. ಪೂರ್ತಿ ಥ್ರಾಟಲ್ ಕೊಟ್ಟಾಗ ಇವು 5,000ದಿಂದ 6,000 ಆರ್‌ಪಿಎಂ ನಡುವೆ ತಿರುಗುತ್ತವೆ. 15 ಎಚ್‌ಪಿಯ ಸಣ್ಣ ಎಂಜಿನ್ ಕ್ಷಮಿಸುವ ತಪ್ಪನ್ನು 250 ಎಚ್‌ಪಿಯದ್ದು ಕ್ಷಮಿಸುವುದಿಲ್ಲ.

ಅನೋಡ್ ವಿಷಯದಲ್ಲಿ ಜಾಸ್ತಿ ಜನ ಮೋಸ ಹೋಗುತ್ತಾರೆ. ಎಂಜಿನ್‌ನ ಅಲ್ಯೂಮಿನಿಯಂ ಬದಲು ತಾನು ಸವೆಯುವುದೇ ಆ ಲೋಹದ ತುಂಡಿನ ಕೆಲಸ. ಉಪ್ಪು ನೀರಿಗೆ ಸತು ಅಥವಾ ಬೇಗ ಸವೆಯುವ ಅಲ್ಯೂಮಿನಿಯಂ ಮಿಶ್ರಲೋಹ, ಸಿಹಿನೀರಿಗೆ ಮೆಗ್ನೀಸಿಯಂ. ಮಿಶ್ರಲೋಹ ಸರಿಯಿಲ್ಲದ ಅಗ್ಗದ ಅನೋಡ್ ವರ್ಷ ಕಳೆದರೂ ಹೊಸದರ ಹಾಗೇ ಹೊಳೆಯುತ್ತಿರುತ್ತದೆ. ಪರವಾಗಿಲ್ವೇ, ಗಟ್ಟಿ ಮಾಲು ಅಂತ ಖುಷಿಪಡಬೇಡಿ. ಅದು ಸವೆದಿಲ್ಲ ಅಂದರೆ ಅದರ ಬದಲು ನಿಮ್ಮ ಗೇರ್ ಕೇಸ್ ಸವೆಯುತ್ತಿದೆ.

ಕಾರಿನ ಸ್ಟಾರ್ಟರ್, ಕಾರಿನ ಇಂಧನ ಪಂಪ್ ‘ಹಾಗೇ ಕೂರುತ್ತೆ’ ಎನ್ನುವವರಿದ್ದಾರೆ. ಕೂರುತ್ತದೆ ನಿಜ. ಆದರೆ ದೋಣಿಗೆಂದೇ ಮಾಡಿದ ಸ್ಟಾರ್ಟರ್‌ನಲ್ಲಿ ಒಳಗಿನ ಕಿಡಿ ಹೊರಗಿನ ಪೆಟ್ರೋಲ್ ಆವಿಗೆ ತಾಗದಂತೆ ಮುಚ್ಚಿರುತ್ತಾರೆ. ಇಂಥಲ್ಲಿ ಚೌಕಾಸಿ ಮಾಡುವವರ ದೋಣಿಗೆ ನಾನಂತೂ ಹತ್ತುವುದಿಲ್ಲ.

ವಿರೋಧ: ಡಬ್ಬ ನೋಡಬೇಡಿ, ಒಳಗಿನದ್ದು ನೋಡಿ

ಕಂಪನಿಯದ್ದೇ ಹಾಕಿ ಅನ್ನುತ್ತೀರಿ. ಸರಿ, ಕಂಪನಿಯೇ ಬಾಗಿಲು ಮುಚ್ಚಿದರೆ?

ಇದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಜಾನ್ಸನ್, ಎವಿನ್‌ರೂಡ್ ಎಂಜಿನ್ ಮಾಡುತ್ತಿದ್ದ ಓಎಂಸಿ ಕಂಪನಿ 2000ದ ಡಿಸೆಂಬರ್‌ನಲ್ಲಿ ದಿವಾಳಿಯಾಯಿತು. ಆಮೇಲೆ ಆ ಹೆಸರುಗಳು ಬೊಂಬಾರ್ಡಿಯರ್ ಕೈಗೆ ಹೋದವು, ಅಲ್ಲಿಂದ ಅದರಿಂದಲೇ ಬೇರೆಯಾದ ಬಿಆರ್‌ಪಿ ಕಂಪನಿಗೆ. ಬಿಆರ್‌ಪಿ 2020ರಲ್ಲಿ ಎವಿನ್‌ರೂಡ್ ತಯಾರಿಕೆಯನ್ನೇ ನಿಲ್ಲಿಸಿತು. ಸೆವೆನ್ ಮರೀನ್ ಅಂತ ಒಂದು ಔಟ್‌ಬೋರ್ಡ್ ಕಂಪನಿ ಇತ್ತು. ಅದರ ಎಂಜಿನ್ 557 ಎಚ್‌ಪಿ, ಒಳಗೆ ಕಾರು ಕಂಪನಿ ಜಿಎಂನ 6.2 ಲೀಟರ್ ವಿ8. ವೋಲ್ವೊ ಪೆಂಟಾ 2017ರಲ್ಲಿ ಆ ಕಂಪನಿಯ ಬಹುಪಾಲು ಕೊಂಡು, ಕೆಲವೇ ವರ್ಷದಲ್ಲಿ ನಿಲ್ಲಿಸಿಬಿಟ್ಟಿತು. ಬಿಡಿಭಾಗ ಕೊಡುತ್ತೇವೆ ಎಂದು ಇಂಥ ಹೊತ್ತಲ್ಲಿ ಎಲ್ಲರೂ ಹೇಳುತ್ತಾರೆ, ಕೊಡುತ್ತಾರೆ ಕೂಡ. ಎಷ್ಟು ವರ್ಷ? ಹಳೇ ಎಂಜಿನ್‌ಗಳು ಇವತ್ತಿಗೂ ತಿರುಗುತ್ತಿದ್ದರೆ ಸಿಯೆರಾದಂಥ ಹೊರಗಿನ ತಯಾರಕರ ಪಾಲೂ ಅದರಲ್ಲಿದೆ.

ಇನ್ನೊಂದು ವಿಷಯ. ಎಂಜಿನ್ ಕಂಪನಿ ಸ್ಪಾರ್ಕ್ ಪ್ಲಗ್ ಮಾಡುವುದಿಲ್ಲ. ಎನ್‌ಜಿಕೆಯಂಥವರು ಮಾಡುತ್ತಾರೆ, ಕಂಪನಿ ತನ್ನ ಡಬ್ಬಕ್ಕೆ ಹಾಕಿ ಮಾರುತ್ತದೆ. ಬೇರಿಂಗ್, ಆಯಿಲ್ ಸೀಲ್ ಕಥೆಯೂ ಸುಮಾರಾಗಿ ಅದೇ.

ನನ್ನ ಗೇರ್ ಆಯಿಲ್ ಒಂದು ಸಲ ಹಾಲು ಬೆರೆಸಿದ ಕಾಫಿಯ ಹಾಗೆ ಬಂತು. ನೀರು ಸೇರಿದೆ ಎಂದೇ ಅರ್ಥ. ಪ್ರೊಪೆಲ್ಲರ್ ತೆಗೆದರೆ ಶಾಫ್ಟ್‌ಗೆ ಮೀನಿನ ಗಾಳದ ದಾರ ಬಿಗಿಯಾಗಿ ಸುತ್ತಿತ್ತು, ಸೀಲಿನ ತುಟಿಯನ್ನು ಬ್ಲೇಡಿನ ಹಾಗೆ ಕೊಯ್ದಿತ್ತು. ಕಂಪನಿ ಸೀಲ್ ಬರಲು ಮೂರು ವಾರ ಎಂದರು. ಹಳೇ ಸೀಲನ್ನು ಒರೆಸಿ ಬೆಳಕಿಗೆ ಹಿಡಿದೆ. ಅಂಚಿನಲ್ಲೇ ಮೂರು ಸಂಖ್ಯೆ ಅಚ್ಚೊತ್ತಿದ್ದವು: ಒಳ ವ್ಯಾಸ, ಹೊರ ವ್ಯಾಸ, ದಪ್ಪ. ಬೇರಿಂಗ್ ಅಂಗಡಿಯಲ್ಲಿ ಅದೇ ಅಳತೆಯದ್ದು ಅವತ್ತೇ ಸಿಕ್ಕಿತು. ಆದರೆ ಇಲ್ಲೊಂದು ಎಚ್ಚರ ಬೇಕು. ಸೀಲಿನ ತುಟಿಯ ಹಿಂದೆ ಉಂಗುರದಂಥ ಸಣ್ಣ ಸ್ಪ್ರಿಂಗ್ ಇರುತ್ತದೆ. ಸಾಮಾನ್ಯ ಸೀಲಿನಲ್ಲಿ ಅದು ಬರೀ ಉಕ್ಕು, ಉಪ್ಪು ನೀರಿಗೆ ತುಕ್ಕು ಹಿಡಿದು ಹೋಗುತ್ತದೆ. ಸ್ಟೇನ್‌ಲೆಸ್ ಸ್ಪ್ರಿಂಗ್ ಇರುವುದನ್ನೇ ಕೇಳಿ ತಗೊಂಡೆ. ಮೂರು ವರ್ಷ ಆಯಿತು, ಆಯಿಲ್ ಜೇನಿನ ಬಣ್ಣದಲ್ಲೇ ಇದೆ.

ಪಾರ್ಟ್ ಹುಡುಕುವುದೂ ಒಂದು ವಿದ್ಯೆ. ಮೊದಲು ಬ್ರಾಕೆಟ್ ಮೇಲಿನ ಮಾದರಿ ಮತ್ತು ಸೀರಿಯಲ್ ಸಂಖ್ಯೆಯ ಫೋಟೋ ತೆಗೆದಿಟ್ಟುಕೊಳ್ಳಿ, ಅದು ಅಳಿಸಿಹೋಗುವ ಮುಂಚೆ. ‘ನನ್ನದು 225’ ಎಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಯಮಹಾ ಪಾರ್ಟ್ ಸಂಖ್ಯೆಯ ಮೊದಲ ಮೂರು ಅಕ್ಷರ ಆ ಭಾಗವನ್ನು ಮೊದಲು ಯಾವ ಎಂಜಿನ್‌ಗೆ ಮಾಡಿದ್ದರು ಎಂದು ಹೇಳುತ್ತವೆ. 69ಜೆ ಎಂದು ಶುರುವಾದರೆ ಅದು ನಾಲ್ಕು ಸ್ಟ್ರೋಕ್‌ನ ಎಫ್225ಕ್ಕೆ ಹುಟ್ಟಿದ್ದು. ಅದೇ ಭಾಗ ಆಮೇಲೆ ಬೇರೆ ಎಂಜಿನ್‌ನಲ್ಲೂ ಕೂತಿರಬಹುದು. ಹಳೇ ಸಂಖ್ಯೆ ‘ಇಲ್ಲ’ ಎಂದು ಬಂದರೆ ಬೇಜಾರಾಗಬೇಡಿ. ಎಷ್ಟೋ ಸಲ ಅದರ ಜಾಗಕ್ಕೆ ಹೊಸ ಸಂಖ್ಯೆ ಬಂದಿರುತ್ತದೆ, ಅಷ್ಟೇ.

ಆಯಿಲ್‌ನಲ್ಲೂ ಹಾಗೇ. ನಾಲ್ಕು ಸ್ಟ್ರೋಕ್‌ಗೆ ಎಫ್‌ಸಿ-ಡಬ್ಲ್ಯೂ, ಎರಡು ಸ್ಟ್ರೋಕ್‌ಗೆ ಟಿಸಿ-ಡಬ್ಲ್ಯೂ3 ಎಂಬ ಗುರುತು ಡಬ್ಬದ ಮೇಲೆ ಇದೆಯಾ, ಮ್ಯಾನ್ಯುಯಲ್ ಹೇಳಿದ ದಪ್ಪದ್ದಾ, ನೋಡಿ. ಬಣ್ಣದ ಡಬ್ಬಕ್ಕೆ ಜಾಸ್ತಿ ದುಡ್ಡು ಯಾಕೆ?

ಇಂಪೆಲ್ಲರ್ ಬಗ್ಗೆ ಮೇಲೆ ಹೇಳಿದ್ದನ್ನು ಒಪ್ಪುತ್ತೇನೆ, ಅರ್ಧ. ರಬ್ಬರ್‌ಗೆ ಕಂಪನಿ ಗೊತ್ತಿಲ್ಲ. ಶೆಲ್ಫ್‌ನಲ್ಲೇ ವರ್ಷಗಟ್ಟಲೆ ಕೂತು ಗಟ್ಟಿಯಾದ ‘ಒರಿಜಿನಲ್’ ಕೂಡ ಮುರಿಯುತ್ತದೆ. ನೀರಿಲ್ಲದೆ ಒಂದು ನಿಮಿಷ ಎಂಜಿನ್ ಓಡಿಸಿದರೆ ಎರಡೂ ಒಂದೇ ತರ ಸುಡುತ್ತವೆ. ರೆಕ್ಕೆಯನ್ನು ಬೆರಳಲ್ಲಿ ಬಗ್ಗಿಸಿ, ಬುಡದಲ್ಲಿ ಬಿರುಕು ಕಂಡರೆ ವಾಪಸ್ ಕೊಡಿ. ಹೆಡ್ ಗ್ಯಾಸ್ಕೆಟ್, ಥರ್ಮೋಸ್ಟಾಟ್ ನಾನೂ ಕಂಪನಿಯದ್ದೇ ತರುತ್ತೇನೆ. ಸ್ಟಾರ್ಟರ್ ದೋಣಿಯದ್ದೇ ಆಗಬೇಕು ಎನ್ನುವುದಕ್ಕೂ ತಕರಾರಿಲ್ಲ.

ನನ್ನ ಸಿಟ್ಟು ಬೇರೆ ಕಡೆ. ಎಂಜಿನ್ ಎತ್ತಿ ಇಳಿಸುವ ಟ್ರಿಮ್ ಮೋಟಾರ್ ಒಮ್ಮೆ ನಿಂತಿತು. ಬಿಚ್ಚಿದರೆ ಕಾರ್ಬನ್ ಬ್ರಷ್ ಸವೆದಿತ್ತು, ಕಡಲೆಕಾಳಿನಷ್ಟು ಉಳಿದಿತ್ತು. ಪಾರ್ಟ್ ಪುಸ್ತಕದಲ್ಲಿ ಬ್ರಷ್‌ಗೆ ಸಂಖ್ಯೆಯೇ ಇರಲಿಲ್ಲ. ಮೋಟಾರ್ ಪೂರ್ತಿ ತಗೊಳ್ಳಿ ಎಂದರು. ಮೋಟಾರ್ ರಿವೈಂಡಿಂಗ್ ಮಾಡುವವನ ಹತ್ತಿರ ಹೋದೆ. ಅವನು ಹಳೇ ಬ್ರಷ್ ಅಳೆದ, ಸ್ವಲ್ಪ ದೊಡ್ಡದೊಂದನ್ನು ಮರಳು ಕಾಗದದ ಮೇಲೆ ಉಜ್ಜಿ ಅಳತೆಗೆ ತಂದ, ತಂತಿ ಬೆಸೆದ. ಒಂದು ಟೀ ಕುಡಿಯುವಷ್ಟು ಹೊತ್ತು. ಆ ಮೋಟಾರ್ ಇನ್ನೂ ಎಂಜಿನ್ ಎತ್ತುತ್ತಿದೆ.