ಅಪ್ಪ ನಾಲ್ಕನೇ ಕಂಬಕ್ಕೇ ಯಾಕೆ ನಿಲ್ಲುತ್ತಿದ್ದರು

ಸಂಜೆ ಅಪ್ಪನ ಜೊತೆ ವಾಕಿಂಗ್ ಹೋದಾಗಲೆಲ್ಲ ನಾಲ್ಕನೇ ಲೈಟುಕಂಬ ಬರುತ್ತಿದ್ದಂತೆ ಅವರು ನಿಂತುಬಿಡುತ್ತಿದ್ದರು. ಜೇಬಿನಿಂದ ಫೋನ್ ತೆಗೆದು, ಕನ್ನಡಕ ಹಣೆಗೇರಿಸಿ, ಏನೋ ಓದುವವರ ಹಾಗೆ ನೋಡುತ್ತಿದ್ದರು. ಎರಡು ಮೂರು ನಿಮಿಷ ಕಳೆದ ಮೇಲೆ "ನಡಿಯಮ್ಮ" ಅಂತ ಹೊರಡುವರು. ಮತ್ತೆ ನಾಲ್ಕು ಕಂಬ, ಮತ್ತೆ ಫೋನ್. ಒಂದು ದಿನ ಪಕ್ಕದಿಂದ ಇಣುಕಿದೆ. ಫೋನ್ ಆನ್ ಆಗಿರಲೇ ಇಲ್ಲ.

ಕೇಳಿದ್ದಕ್ಕೆ "ಮೀನಖಂಡ ಹಿಡ್ಕೊಳ್ಳುತ್ತೆ, ನಿಂತರೆ ಬಿಡುತ್ತೆ, ಅಷ್ಟೇ" ಅಂದರು. ನಾವೂ ವಯಸ್ಸಾಯ್ತಲ್ಲ ಅಂದುಕೊಂಡು ಸುಮ್ಮನಾದೆವು. ಮೊದಲು ತೋರಿಸಿದ ಡಾಕ್ಟರು ಮಂಡಿಯ ಎಕ್ಸ್‌ರೇ ತೆಗೆಸಿ, ಸವೆದಿದೆ ಅಂತ ನೋವಿನ ಮಾತ್ರೆ ಬರೆದುಕೊಟ್ಟರು. ಪಾದ ಮುಟ್ಟಿ ನಾಡಿ ನೋಡಲಿಲ್ಲ. ಹೀಗೇ ಒಂದೂವರೆ ವರ್ಷ ಹೋಯಿತು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ, ನನ್ನ ಮೇಲಿನದ್ದೂ ಸೇರಿ.

ಅಪ್ಪ ಹೇಳಿದ ಆ ಒಂದು ವಾಕ್ಯದಲ್ಲೇ ಕಾಯಿಲೆಯ (ಪೆರಿಫೆರಲ್ ಆರ್ಟರಿ ಡಿಸೀಸ್, ಅಂದರೆ ಕಾಲಿನ ರಕ್ತನಾಳದ ಕಾಯಿಲೆ) ಗುರುತು ಪೂರ್ತಿ ಇತ್ತು. ಕಾಲಿಗೆ ಹೋಗುವ ರಕ್ತನಾಳದ ಒಳಗೋಡೆಗೆ ಕೊಬ್ಬು ಮೆತ್ತಿಕೊಂಡು ದಾರಿ ಕಿರಿದಾಗಿರುತ್ತದೆ. ಕೂತಾಗ ಸ್ನಾಯುವಿಗೆ ಅಷ್ಟು ರಕ್ತ ಸಾಕು. ನಡೆಯುವಾಗ ಅದಕ್ಕೆ ಹಲವು ಪಟ್ಟು ಹೆಚ್ಚು ಬೇಕು, ಕಿರಿದಾದ ನಾಳದಿಂದ ಅಷ್ಟು ಬರುವುದಿಲ್ಲ. ಅದಕ್ಕೇ ನೋವು ಹೆಚ್ಚುಕಮ್ಮಿ ಒಂದೇ ದೂರಕ್ಕೆ ಬರುತ್ತದೆ, ಏರು ರಸ್ತೆಯಲ್ಲಿ ಬೇಗ ಬರುತ್ತದೆ, ನಿಂತರೆ ಕೆಲವೇ ನಿಮಿಷಕ್ಕೆ ಹೋಗುತ್ತದೆ. ಬೆನ್ನುಹುರಿಯ ನರ ಒತ್ತಿದ್ದರೂ ನಡೆಯುವಾಗ ಕಾಲು ನೋಯುತ್ತದೆ, ಆದರೆ ಅಂಥವರಿಗೆ ಸುಮ್ಮನೆ ನಿಂತರೆ ಸಾಲದು, ಕೂರಬೇಕು ಇಲ್ಲವೇ ಮುಂದೆ ಬಾಗಬೇಕು. ಎಷ್ಟು ದೂರಕ್ಕೆ ಬರುತ್ತೆ, ನಿಂತರೆ ಸಾಕಾ ಕೂರಲೇಬೇಕಾ, ಈ ಎರಡು ಪ್ರಶ್ನೆ ಮನೆಯವರೂ ಕೇಳಬಹುದಿತ್ತು.

ಕೊನೆಗೆ ಪತ್ತೆ ಹಚ್ಚಿದ ಪರೀಕ್ಷೆ ನೋಡಿ ನನಗೆ ಅಳು ಬರುವುದೊಂದು ಬಾಕಿ. ಮಲಗಿಸಿ, ತೋಳಿಗೆ ಕಟ್ಟುವ ಬಿ.ಪಿ. ಪಟ್ಟಿಯನ್ನೇ ಕಾಲಗಂಟಿನ ಮೇಲೂ ಕಟ್ಟಿದರು. ಪಾದದ ಮೇಲೆ ಜೆಲ್ ಹಚ್ಚಿ ಪೆನ್ನಿನಂಥ ಡಾಪ್ಲರ್ ಉಪಕರಣ ಇಟ್ಟು ರಕ್ತ ಹರಿಯುವ ಸದ್ದು ಕೇಳಿಸಿಕೊಂಡರು. ಸೂಜಿ ಇಲ್ಲ, ನೋವಿಲ್ಲ. ಕಾಲಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದರೆ 1ರ ಆಸುಪಾಸು ಬರಬೇಕು. 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ರಕ್ತನಾಳದ ಕಾಯಿಲೆ ಇದೆ ಅಂತ ಲೆಕ್ಕ. ಅಪ್ಪನ ಎಡಗಾಲಿನದು 0.62. (ಸಕ್ಕರೆ ಕಾಯಿಲೆ ಹಳೆಯದಾಗಿ ನಾಳ ಗಟ್ಟಿಯಾಗಿದ್ದರೆ ಈ ಅಂಕಿ ಸುಳ್ಳಾಗಿ 1.4ರ ಮೇಲೆ ಹೋಗುವುದೂ ಉಂಟು, ಆಗ ಕಾಲಿನ ಹೆಬ್ಬೆರಳಿನ ಒತ್ತಡ ನೋಡಬೇಕು.) ಪ್ರತಿ ಸಲ ತೋಳಿಗೆ ಪಟ್ಟಿ ಕಟ್ಟುತ್ತಾರಲ್ಲ, ಸಿಗರೇಟು ಸೇದುವವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ, ವಯಸ್ಸಾದವರಿಗೆ ಒಮ್ಮೆಯಾದರೂ ಕಾಲಿಗೂ ಕಟ್ಟಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಯಾಕೆಂದರೆ ಇದು ಬರೀ ಕಾಲಿನ ಮಾತಲ್ಲ. ಕಾಲಿನ ನಾಳದಲ್ಲಿ ಮೆತ್ತಿಕೊಂಡದ್ದು ಹೃದಯದ, ಮಿದುಳಿನ ನಾಳಗಳಲ್ಲೂ ಇರುವ ಸಾಧ್ಯತೆ ಜಾಸ್ತಿ. ಇಂಥವರಲ್ಲಿ ಹೆಚ್ಚಿನವರಿಗೆ ಕಾಲು ಹೋಗುವ ಭಯಕ್ಕಿಂತ ಹೃದಯಾಘಾತ, ಪಾರ್ಶ್ವವಾಯುವಿನ ಭಯವೇ ದೊಡ್ಡದು. ಹಾಗಾಗಿ ಕೊಲೆಸ್ಟರಾಲ್ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಶುರುವಾದವು. ಸಿಗರೇಟು ಮೂರನೇ ಪ್ರಯತ್ನಕ್ಕೆ ನಿಂತಿತು.

ಆಂಜಿಯೋಪ್ಲಾಸ್ಟಿ (ಕಿರಿದಾದ ನಾಳವನ್ನು ಒಳಗಿನಿಂದ ಹಿಗ್ಗಿಸುವುದು) ಮಾಡಿಸಿ ಸ್ಟೆಂಟ್ (ನಾಳ ತೆರೆದಿಡುವ ಪುಟ್ಟ ಕೊಳವೆ) ಹಾಕಿಸಿಬಿಡಿ ಅಂದವರು ಬಹಳ ಜನ. ಆ ಚಿಕಿತ್ಸೆಯ ಮೇಲೆ ನನಗೆ ಅಪಾರ ಗೌರವವಿದೆ. ಆಂಜಿಯೋಪ್ಲಾಸ್ಟಿ ಹುಟ್ಟಿದ್ದೇ ಕಾಲಿಗಾಗಿ. 1964ರಲ್ಲಿ ಅಮೆರಿಕದ ಡಾ. ಚಾರ್ಲ್ಸ್ ಡಾಟರ್, ಕಾಲು ಕತ್ತರಿಸಲು ಒಪ್ಪದ 82 ವರ್ಷದ ಅಜ್ಜಿಯೊಬ್ಬರ ತೊಡೆಯ ನಾಳವನ್ನು ಒಳಗಿನಿಂದಲೇ ಹಿಗ್ಗಿಸಿದರು. ಹೃದಯದ ನಾಳವನ್ನು ಬಲೂನಿನಿಂದ ಹೀಗೆ ಹಿಗ್ಗಿಸಿದ್ದು 1977ರಲ್ಲಿ. ಆದರೆ ನಡೆಯುವಾಗ ಮಾತ್ರ ನೋವಿದ್ದವರಿಗೆ ಮೊದಲ ಮದ್ದು ನಡಿಗೆಯೇ ಅಂದರು ನಮ್ಮ ಡಾಕ್ಟರು. ನೋವು ಬರುವ ತನಕ ನಡಿ, ಅದು ಜೋರಾದಾಗ ನಿಲ್ಲು, ಹೋದ ಮೇಲೆ ಮತ್ತೆ ನಡಿ. ಹೀಗೆ ದಿನಕ್ಕೆ ಮುಕ್ಕಾಲು ಗಂಟೆ, ವಾರಕ್ಕೆ ಕನಿಷ್ಠ ಮೂರು ದಿನ, 12 ವಾರ. ನೋವಿರುವ ಮನುಷ್ಯನನ್ನು ನಡೆಸುವುದು ಅಮ್ಮನಿಗೆ ಸುತರಾಂ ಇಷ್ಟವಿರಲಿಲ್ಲ.

ಕಾಯಲೇಬಾರದ ಲಕ್ಷಣಗಳೂ ಇವೆ. ರಾತ್ರಿ ಮಲಗಿದಾಗ ಪಾದ ಉರಿದು ನೋಯುವುದು, ಮಂಚದಿಂದ ಕಾಲು ಇಳಿಬಿಟ್ಟರೆ ಮಾತ್ರ ನೋವು ಕಡಿಮೆಯಾಗುವುದು, ಬೆರಳಿನ ಗಾಯ ಮಾಯದೆ ಉಳಿಯುವುದು. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ಜೋಮು ಹಿಡಿದರೆ ಬೆಳಗಾಗಲಿ ಅನ್ನಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಆಗ ಪ್ರತಿ ಗಂಟೆಯೂ ಲೆಕ್ಕಕ್ಕೆ ಬರುತ್ತದೆ.

ಅಪ್ಪನ 12 ವಾರ ಕಳೆದ ತಿಂಗಳು ಮುಗಿಯಿತು. ನಿನ್ನೆ ಸಂಜೆ ಅವರು ನಿಂತದ್ದು ಹನ್ನೊಂದನೇ ಕಂಬಕ್ಕೆ. ಫೋನ್ ತೆಗೆಯಲಿಲ್ಲ. ಕಂಬಕ್ಕೆ ಕೈ ಕೊಟ್ಟು "ಹಿಡ್ಕೊಂಡಿತು, ಎರಡು ನಿಮಿಷ ಇರಮ್ಮ" ಅಂದರು.